ಇಳಿಜಾರಿನಲ್ಲಿ ನಿಂತ ಕಣ್ಣಿನ ಬಸ್ಸು

ನಮ್ಮ ಭಾಗದ ಜನ ಅದನ್ನು ಕಣ್ಣಿನ ಬಸ್ಸು ಅನ್ನುತ್ತಿದ್ದರು. ಜಮಖಂಡಿಯ ಒಂದು ಧರ್ಮಾರ್ಥ ಆಸ್ಪತ್ರೆಯವರು ಹಳೆಯ ಬಸ್ಸೊಂದನ್ನು ಕೊಂಡು, ಸೀಟುಗಳನ್ನೆಲ್ಲ ಕಿತ್ತು ಒಳಗೆ ಮನೆಯ ಹಾಗೆ ಮಾಡಿಸಿದ್ದರು. ಮುಂದಿನ ಅರ್ಧ ಕಪ್ಪು ಪರದೆಯ ಕೋಣೆ, ಅಲ್ಲಿ ಕಣ್ಣು ನೋಡುವ ಯಂತ್ರ. ನಡುವೆ ಔಷಧ ಇಡುವ ಫ್ರಿಜ್ಜು. ಅದರ ಹಿಂದೆ ಒಂದರ ಮೇಲೊಂದು ಮಲಗುವ ಹಲಗೆ, ಸಣ್ಣ ಗ್ಯಾಸಿನ ಒಲೆ, ನೀರಿನ ಟಾಕಿ. ಎಲ್ಲಕ್ಕೂ ಹಿಂದೆ, ಬಸ್ಸಿನ ಬಾಲದಲ್ಲಿ, ತಗಡಿನ ಪೆಟ್ಟಿಗೆಯೊಳಗೆ ಎರಡು ಸಿಲಿಂಡರಿನ ಡೀಸೆಲ್ ಜನರೇಟರ್. ಆ ವರ್ಷಗಳಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಜನರೇಟರ್ ನಿಂತರೆ ಡಾಕ್ಟರ ಯಂತ್ರ ಕುರುಡು, ಫ್ರಿಜ್ಜಿನಲ್ಲಿಟ್ಟ ಔಷಧ ನೀರು.

ಡ್ರೈವರನ್ನು ನಾನು ಕಾಕಾ ಎಂದು ಕರೆಯುತ್ತಿದ್ದೆ. ಬೀಳಗಿ ಕಡೆಯವರು, ಬೀರಪ್ಪನ ಒಕ್ಕಲು. ಅವರ ಮನೆತನದಲ್ಲಿ ಎಲ್ಲರೂ ಕುರಿ ಕಾದವರು. ಇವರೊಬ್ಬರೇ ಸ್ಟೇರಿಂಗ್ ಹಿಡಿದು ಕಬ್ಬಿನ ಲಾರಿ ಓಡಿಸಿದವರು. ಅವರ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. ಪುನರ್ವಸತಿ ಕೇಂದ್ರದಲ್ಲಿ ಸಿಕ್ಕ ಜಾಗದಲ್ಲಿ ಅಣ್ಣನ ಸಂಸಾರ ಮನೆ ಕಟ್ಟಿಕೊಂಡಿತ್ತು. ಕಾಕಾ ಮದುವೆಯಾದವರಲ್ಲ. ಬಸ್ಸಿನ ಕೆಳಗಿನ ಹಲಗೆಯೇ ಅವರ ಹಾಸಿಗೆ, ಹಲಗೆಯ ಕೆಳಗಿನ ತಗಡಿನ ಟ್ರಂಕೇ ಅವರ ಮನೆ. ಶಿಬಿರ ಇರಲಿ ಇಲ್ಲದಿರಲಿ, ಅವರು ಮಲಗುವುದು ಅದರಲ್ಲೇ. ಆ ಕೆಲಸ ಹೋದರೆ ಅವರಿಗೆ ಸಂಬಳ ಹೋಗುವುದು ಎರಡನೆಯ ಮಾತು, ಮೊದಲು ಹೋಗುವುದು ಮಲಗುವ ಜಾಗ.

ನಾನು ಆ ಬಸ್ಸಿಗೆ ಸೇರಿದ್ದೇ ಅದರ ಎಣ್ಣೆಯ ಕಾರಣಕ್ಕೆ.

ನಾನು ಬನಹಟ್ಟಿಯವನು. ಪವರ್‌ಲೂಮುಗಳ ಮೋಟಾರು ಬಿಚ್ಚಿ ಕಟ್ಟುವ ಕೆಲಸ, ಜೊತೆಗೆ ನೇಕಾರರ ಶೆಡ್ಡುಗಳಲ್ಲಿದ್ದ ಜನರೇಟರುಗಳ ಕೆಲಸ ಮಾಡುತ್ತಿದ್ದೆ. ಸಾಲಿ ಬಿಟ್ಟದ್ದು ಚಿಕ್ಕವನಿದ್ದಾಗ. ಮತ್ತೆ ಪುಸ್ತಕ ಹಿಡಿದು ಹತ್ತನೆಯ ಇಯತ್ತೆ ಪಾಸಾಗುವ ಹೊತ್ತಿಗೆ ಮೀಸೆ ದಪ್ಪಗಾಗಿತ್ತು. ಅದರ ಮುಂದಿನ ವರ್ಷವೇ ಆಸ್ಪತ್ರೆಯವರು ಕರೆದರು. ಮ್ಯಾನೇಜರು ಒಳಗೆ ಕೂರಿಸಿ ಚಹಾ ತರಿಸಿದರು. ನನ್ನಂಥವನಿಗೆ ಯಾರಾದರೂ ಚಹಾ ತರಿಸಿದರೆ ಕೇಳುವ ಕೆಲಸ ದೊಡ್ಡದೇ ಇರುತ್ತದೆ ಎಂದು ಆಗಲೇ ತಿಳಿಯಬೇಕಿತ್ತು.

"ಆ ಜನರೇಟರ್ ಡೀಸೆಲ್ ಕುಡಿಯೂದು ಖರೆ, ಅದು ಕುಡೀಲಿ," ಅಂದರು. "ಆದ್ರ ಎಂಜಿನ್ ಆಯಿಲ್ ಕುಡಿಯೂದು ಎಂಥಾದ್ದೋ? ಶಿಬಿರಕ್ಕೊಂದು ಡಬ್ಬಿ ಖಾಲಿ. ಎಣ್ಣಿ ಎಲ್ಲಿ ಹೋಗಾಕತ್ತೈತಿ ನೋಡು."

"ನೋಡ್ತೀನ್ರಿ. ಪಿಸ್ಟನ್ ರಿಂಗ್ ಸವದಿರಬೇಕು, ಇಲ್ಲಾ ಎಲ್ಯಾರ ಸೋರತಿರಬೇಕು."

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎಂಜಿನ್ನಿನಾಗಿಂದ ಹೋಗತೈತೋ, ಕೈಯಾಗಿಂದ ಹೋಗತೈತೋ, ಅದನ್ನೂ ನೋಡು. ಬಾಯಿ ಬಿಡಬ್ಯಾಡ."

ನಾನು ಹೂಂ ಅಂದೆ. ಬಸ್ಸಿನಲ್ಲಿ ಎಣ್ಣೆ ಮುಟ್ಟುವ ಕೈ ಡ್ರೈವರದೊಂದೇ ಎಂಬುದು ಆಗ ಗೊತ್ತಿರಲಿಲ್ಲ.

ಮೊದಲ ಶಿಬಿರ ರಬಕವಿಯಲ್ಲಿ. ಹೊಳೆಯ ಕಡೆಗೆ ಇಳಿಯುವ ದಾರಿಯ ಮೇಲೆ ಕಾಕಾ ಬಸ್ಸು ನಿಲ್ಲಿಸಿದ್ದರು, ಮೂತಿ ಇಳಿಜಾರಿಗೆ, ಬಾಲ ಮೇಲಕ್ಕೆ. ನಮ್ಮ ಕಡೆ ಡ್ರೈವರುಗಳಿಗೆ ಈ ಚಟ ಇದ್ದದ್ದೇ. ಬ್ಯಾಟರಿ ಕೈಕೊಟ್ಟರೆ ಬ್ರೇಕು ಬಿಟ್ಟು ಗಾಡಿ ಉರುಳಿಸಿ ಎಂಜಿನ್ ಎಬ್ಬಿಸಬಹುದು. ಆದರೆ ಈ ಬಸ್ಸಿನ ಸೆಲ್ಫು ಒಂದೇ ಹೊಡೆತಕ್ಕೆ ಎಂಜಿನ್ ಎಬ್ಬಿಸುತ್ತಿತ್ತು. ಬ್ಯಾಟರಿ ಹೊಸದು. ಇದನ್ನು ನೋಡಿಯೂ ನಾನು ಹೆಚ್ಚು ಯೋಚಿಸಲಿಲ್ಲ.

ಬಸ್ಸಿನೊಳಗೆ ಎಲ್ಲವೂ ಆ ಇಳಿಜಾರಿಗೆ ಒಗ್ಗಿಕೊಂಡಿತ್ತು. ಮಲಗುವಾಗ ತಲೆ ಹಿಂದಕ್ಕೆ, ಕಾಲು ಮುಂದಕ್ಕೆ. ನೀರಿನ ತಂಬಿಗೆಗೆ ಒತ್ತುಗಲ್ಲು. ಗ್ಯಾಸಿನ ಒಲೆಯ ಮುಂದಿನ ಕಾಲುಗಳ ಕೆಳಗೆ ಬೇವಿನ ಕಟ್ಟಿಗೆಯ ಒಂದು ಚಕ್ಕೆ, ಎಣ್ಣೆ ಹೀರಿ ಕರ್ರಗಾಗಿದ್ದದ್ದು. ಅದರ ಮೇಲೆ ಒಲೆ ಸಮ ನಿಂತು, ಚಹಾ ಪಾತ್ರೆಯಲ್ಲಿ ಸಮ ಕುದಿಯುತ್ತಿತ್ತು.

ದಿನಾ ಬೆಳಿಗ್ಗೆ ಕಾಕಾ ಸ್ನಾನ ಮಾಡಿ, ಜನರೇಟರ್ ಪೆಟ್ಟಿಗೆಯ ಬಾಗಿಲಿಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಆಮೇಲೆ ಎಣ್ಣೆ ನೋಡುತ್ತಿದ್ದರು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಇರುತ್ತದೆ. ಅದರೊಳಕ್ಕೆ ಇಳಿಬಿಟ್ಟ ಗೇಜಿನ ಕಡ್ಡಿ ಎಳೆದು, ಬಟ್ಟೆಯಿಂದ ಒರೆಸಿ, ಮತ್ತೆ ಇಳಿಸಿ ಎಳೆಯಬೇಕು. ಕಡ್ಡಿಯ ಮೇಲೆ ಎರಡು ಗೆರೆ. ಎಣ್ಣೆ ಆ ಎರಡರ ನಡುವೆ ಇರಬೇಕು. ಕಾಕಾ ಎಳೆದಾಗಲೆಲ್ಲ ಕೆಳಗಿನ ಗೆರೆಯೂ ಒಣಗಿರುತ್ತಿತ್ತು.

"ನೋಡ ತಮ್ಮಾ, ಹಸದೈತಿ," ಅನ್ನುತ್ತಿದ್ದರು. ಡಬ್ಬಿಯಿಂದ ಎಣ್ಣೆ ಸುರಿದು, ಮೇಲಿನ ಗೆರೆ ಮುಟ್ಟಿದ ಮೇಲೆಯೇ ಬಿರಡೆ ಬಿಗಿಯುತ್ತಿದ್ದರು. "ಕುರಿ ಇರಲಿ, ಎಂಜಿನ್ ಇರಲಿ. ಮುಂಜಾನಿ ಹೊಟ್ಟಿ ತುಂಬಿಸಿ ಬಿಡಬೇಕು."

ಜನರೇಟರ್ ಚಾಲೂ ಆದರೆ ನೀಲಿ ಹೊಗೆ. ಸರದಿಯಲ್ಲಿ ನಿಂತ ನೇಕಾರರ ಹೆಂಗಸರು ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಒಬ್ಬ ಮುದುಕಿ ಹೊಗೆಯೊಳಗಿಂದಲೇ ಬೈದಳು.

"ಯಪ್ಪಾ, ಕಣ್ಣ ತೋರಸಾಕ ಬಂದ್ರ ಕಣ್ಣಾಗ ಹೊಗಿ ತುಂಬ್ತೀರಲ್ಲೋ! ಇದೇನ ಬಸ್ಸೋ, ಬೀಡಿ ಸೇದೂ ಗಂಡಸೋ?"

"ಯವ್ವಾ, ಔಷಧ ಬೇ ಅದು," ಅಂದರು ಕಾಕಾ. "ಮೊದಲ ಕಣ್ಣೀರ ಬರಬೇಕು. ಆಮ್ಯಾಲೆ ಡಾಕ್ಟರ್ ನೋಡ್ತಾರ."

"ಕಣ್ಣೀರ ಬರಸಾಕ ನನ್ನ ಸೊಸಿ ಅದಾಳ ತಗೊ. ನಿನ್ನ ಬಸ್ ಬೇಕಾಗಿಲ್ಲ."

ಸರದಿಗೆ ಸರದಿಯೇ ನಕ್ಕಿತು. ನಾನೂ ನಕ್ಕೆ. ಆದರೆ ನೀಲಿ ಹೊಗೆ ಅಂದರೆ ಎಣ್ಣೆ ಸುಡುತ್ತಿದೆ ಎಂದರ್ಥ. ಸುಡುತ್ತಿರುವುದು ನಿಜವಾದರೂ ಒಂದು ಡಬ್ಬಿ ಎಣ್ಣೆ ಇಷ್ಟು ಬೇಗ ಹೊಗೆಯಾಗುತ್ತದೆಯೇ ಎಂಬ ಅನುಮಾನ ಬಿಡುತ್ತಿರಲಿಲ್ಲ.

ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಪೆಟ್ಟಿಗೆಯ ಕೆಳಗೆ ರಟ್ಟು ಹಾಸಿಟ್ಟೆ. ಒಂದು ಹನಿಯೂ ಬೀಳಲಿಲ್ಲ. ರೇಡಿಯೇಟರಿನ ನೀರಿನಲ್ಲಿ ಎಣ್ಣೆಯ ಪಸೆ ಇಲ್ಲ. ಗಾಳಿ ಸೋಸುವ ಫಿಲ್ಟರು ಬಿಚ್ಚಿದರೆ ಅದು ಎಣ್ಣೆಯಲ್ಲಿ ತೊಯ್ದಿತ್ತು. ರಿಂಗು ಸವೆದು ಒಳಗಿನ ಒತ್ತಡ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತಿದೆ ಎಂದುಕೊಂಡು, ಫಿಲ್ಟರು ತೊಳೆದು ಹಾಕಿ, ದಪ್ಪ ಎಣ್ಣೆ ತರಿಸಿದೆ. ತೇರದಾಳದ ಶಿಬಿರದಲ್ಲಿ ಹೊಗೆ ಸ್ವಲ್ಪ ಕಡಿಮೆಯಾದಂತೆ ಕಂಡು, ಮತ್ತೆ ಅಷ್ಟೇ ಆಯಿತು. ನಾನು ಕೆಲಸ ಕಲಿತ ಜನರೇಟರುಗಳೆಲ್ಲ ಸಿಮೆಂಟಿನ ಕಟ್ಟೆಯ ಮೇಲೆ ಬೋಲ್ಟು ಹಾಕಿ ಕೂರಿಸಿದಂಥವು. ಹುಟ್ಟಿದಲ್ಲೇ ಸಾಯುವಂಥವು. ಊರೂರು ತಿರುಗುವ ಜನರೇಟರಿನ ಸಂಗತಿಯೇ ಬೇರೆ ಇರಬಹುದು ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಎಂಜಿನ್ನಿನಲ್ಲಿ ಏನೂ ಸಿಗದಿದ್ದಾಗ ಕಣ್ಣು ಕೈಯ ಕಡೆ ಹೋಗುತ್ತದೆ. ಸಂಜೆ ಕಾಕಾ ಎಣ್ಣೆಯ ಡಬ್ಬಿ ಹಿಡಿದು ಊರೊಳಗೆ ಹೋಗುವುದನ್ನು ಒಂದೆರಡು ಸಲ ಕಂಡೆ. ತೇರದಾಳದಲ್ಲಿ ಒಂದು ಸಂಜೆ ಬೀಡಿ ತರುವ ನೆಪ ಮಾಡಿ ಅವರ ಹಿಂದೆಯೇ ಹೋದೆ. ಅವರು ಒಂದು ಗುಡಿಸಲ ಮುಂದೆ ನಿಂತು, ಸೋಡಾ ಹಾಕಿ ತೊಳೆದ ಖಾಲಿ ಡಬ್ಬಿಯನ್ನು ಒಬ್ಬ ಹೆಂಗಸಿಗೆ ಕೊಟ್ಟರು. ಅವಳು ಅದನ್ನು ಮೂಸಿ ನೋಡಿ, "ಸೀಮಿಎಣ್ಣಿ ತುಂಬಾಕ ಛಲೋ ಆತು ನೋಡ್ರಿ," ಅಂದಳು. ಅಷ್ಟೇ. ನಾನು ಬೀಡಿ ಸೇದುವವನೇ ಅಲ್ಲ. ಮರಳಿ ಬಂದಾಗ ಕಾಕಾ ಕೇಳಿದರು, "ಎಲ್ಲಿ ಹೋಗಿದ್ದಿ ತಮ್ಮಾ, ರೊಟ್ಟಿ ಆರಿ ಹೋದುವು." ನನ್ನ ತಾಟಿನಲ್ಲಿ ಎರಡು ರೊಟ್ಟಿ, ಪುಂಡಿಪಲ್ಲೆ ಹಾಕಿ ಮುಚ್ಚಿಟ್ಟಿದ್ದರು.

ಶಿಬಿರದಿಂದ ಶಿಬಿರಕ್ಕೆ ಹೋಗುವಾಗ ಎಸ್‌ಟಿಡಿ ಬೂತಿನಿಂದ ಮ್ಯಾನೇಜರಿಗೆ ಫೋನು ಮಾಡಬೇಕಿತ್ತು.

"ಏನ್ ಗೊತ್ತಾತು?"

"ಇನ್ನೂ ಗೊತ್ತಾಗವಲ್ದರಿ."

"ಗೊತ್ತಾಗವಲ್ದೋ, ಹೇಳವಲ್ಲಿಯೋ? ನೋಡು, ಮುಧೋಳದ ಶಿಬಿರಕ್ಕ ನಾನ ಬರ್ತೀನಿ. ಅಷ್ಟರಾಗ ಒಂದು ತಿಳೀಬೇಕು. ಇಲ್ಲಂದ್ರ ಡ್ರೈವರ್ ಬದಲಿ ಮಾಡಿ ನೋಡೂದ. ಡ್ರೈವರ್ ಹೋದ ಮ್ಯಾಲೆ ಎಣ್ಣಿ ಉಳೀತಂದ್ರ ಉತ್ತರ ಸಿಕ್ಕಂಗ ಆತು."

ಅವರು ಕೆಟ್ಟವರಲ್ಲ. ಲೆಕ್ಕ ಕೇಳುವವರು ಅವರ ಮೇಲೂ ಇದ್ದರು. ಆದರೆ ಬೂತಿನಿಂದ ಹೊರಗೆ ಬಂದು ನೋಡಿದರೆ ಕಾಕಾ ಬಸ್ಸಿನ ಕಿಟಕಿಯ ಗಾಜು ಒರೆಸುತ್ತ ನಿಂತಿದ್ದರು, ತಮ್ಮ ಮನೆಯ ಕಿಟಕಿ ಒರೆಸುವವರ ಹಾಗೆ.

ಮುಧೋಳಕ್ಕಿಂತ ಮೊದಲು ಬೀಳಗಿ ತಾಲೂಕಿನ ಪುನರ್ವಸತಿ ಕೇಂದ್ರದಲ್ಲಿ ಶಿಬಿರವಿತ್ತು. ಕಾಕಾನ ಅಣ್ಣನ ಮನೆ ಇದ್ದದ್ದು ಅಲ್ಲೇ. ಸಾಲು ಸಾಲು ಒಂದೇ ನಮೂನಿ ಮನೆ, ಇನ್ನೂ ಎಳೆಯ ಬೇವಿನ ಗಿಡಗಳು. ಶಾಲೆಯ ಮುಂದೆ ದೊಡ್ಡ ಸಪಾಟ ಬಯಲಿತ್ತು. ಎಲ್ಲರೂ ಅಲ್ಲೇ ನಿಲ್ಲಿಸಿ ಎಂದರೂ ಕಾಕಾ ಬಸ್ಸನ್ನು ಅದರಾಚೆ, ನೀರಿನ ಟಾಕಿಯಿಂದ ಇಳಿಯುವ ದಾರಿಗೆ ಒಯ್ದರು. ಸರದಿಯ ಮುದುಕರು ಅಲ್ಲಿಯವರೆಗೆ ನಡೆಯಬೇಕಾಯಿತು. ಬಸ್ಸಿನ ಬಾಲದ ಕಡೆ ನಿಂತರೆ ದೂರದಲ್ಲಿ ಹಿನ್ನೀರು ಬೆಳ್ಳಗೆ ಕಾಣುತ್ತಿತ್ತು.

ಮಧ್ಯಾಹ್ನ ಕಾಕಾನ ವೈನಿ, ಅಂದರೆ ಅಣ್ಣನ ಹೆಂಡತಿ, ಬುಟ್ಟಿಯಲ್ಲಿ ಸಜ್ಜಿರೊಟ್ಟಿ ತಂದರು. ಕಾಕಾ ಮುದುಕನೊಬ್ಬನನ್ನು ಕೈ ಹಿಡಿದು ಒಳಗೆ ಹತ್ತಿಸುತ್ತಿದ್ದರು. ಆಕೆ ನನ್ನನ್ನೇ ಮಾತಾಡಿಸಿದರು.

"ನೀನಽ ಏನಪ್ಪಾ ಹೊಸಾ ಹುಡುಗ? ನಿಮ್ಮ ಕಾಕಾಗ ಹೇಳು, ಮನಿ ಮುಂದ ಬಸ್ ಹಚ್ಚಂತ. ಮಗ್ಗಲದಾಗ ಮನಿ ಇಟಗೊಂಡು ಮಂದಿ ಹಂಗ ರೋಡಿನ್ಯಾಗ ಮಲಗ್ತಾನ."

"ಮನಿ ಮುಂದ ಸಪಾಟ ಐತಲ್ರಿ ಅವ್ವಾರ. ಅವರಿಗೆ ಇಳಕಲ ಬೇಕು."

ಆಕೆಯ ನಗೆ ಇಳಿಯಿತು. ಬುಟ್ಟಿಯ ಮೇಲಿನ ಅರಿವೆ ಸರಿಪಡಿಸುತ್ತ, ಕಾಕಾ ಕೇಳಿಸಿಕೊಳ್ಳದಷ್ಟು ಸಣ್ಣ ದನಿಯಲ್ಲಿ ಹೇಳಿದರು.

"ಊರು ಬಿಡೂ ದಿನ ಲಾರಿ ಇವನಽ ತಂದಿದ್ದ. ಗುಡಿ ಮುಂದ, ಸಪಾಟ ಜಾಗಾದಾಗ ಹಚ್ಚಿದ್ದ. ಬೀಸೂ ಕಲ್ಲಿಂದ ಹಿಡದು ಎಲ್ಲಾ ಹೇರಿದ್ವಿ. ಅತ್ತಿ ನಡ್ಯಾಕ ಬರದಾಕಿ, ಮಂಚದ ಸಮೇತ ಮ್ಯಾಲೆ ಏರಿಸಿದ್ವಿ. ಲಾರಿ ಎದ್ದಽ ಏಳಲಿಲ್ಲ ನೋಡಪ್ಪಾ. ನೂಕಿದ್ರು, ಕೆಸರಾಗ ಗಾಲಿ ಮಿಸಕಲಿಲ್ಲ. ಹಿತ್ತಲಕ್ಕ ನೀರ ಬಂದಿತ್ತು. ಕಡೀಕ ಮಂಚ ಇಳಿಸಿ ಹೆಗಲ ಮ್ಯಾಲೆ ಹೊತಗೊಂಡು ರೋಡಿಗೆ ಬಂದ್ರು. ಮಳಿ. ಅತ್ತಿ ತೊಯ್ದಾಕಿ, ಜ್ವರ ಹಿಡೀತು. ಈ ಮನಿಗೆ ತಗಡ ಹಾಕೂದ್ರಾಗ ಹೋದ್ಲು."

ಬುಟ್ಟಿಯನ್ನು ನನ್ನ ಮುಂದೆ ಸರಿಸಿ ಮತ್ತೆ ಅಂದರು: "ಯಾರೂ ಇವಗ ಏನೂ ಅಂದಿಲ್ಲ. ಲಾರಿ ಕೆಟ್ರ ಇವನೇನ ಮಾಡ್ತಾನ? ಆದ್ರ ಅವತ್ತಿನಿಂದ ಸಪಾಟ ಜಾಗಾದಾಗ ಗಾಡಿ ಹಚ್ಚೂದಿಲ್ಲ, ಹಚ್ಚಿದ್ರ ಮಲಗೂದಿಲ್ಲ."

ಕಾಕಾ ಬಂದು ಬುಟ್ಟಿಗೆ ಕೈ ಹಾಕಿ, "ಏನ ವೈನಿ, ನನ್ನ ಮ್ಯಾಲೆ ಏನ ಹೇಳಾಕತ್ತೀರಿ?" ಅಂದರು.

"ನಿನಗ ಹೆಣ್ಣ ಯಾರೂ ಕೊಡಲಿಲ್ಲಂತ ಹೇಳಾಕತ್ತಿದ್ನಿ."

"ಅದು ಇಡೀ ಜಿಲ್ಲಾಕ್ಕ ಗೊತ್ತೈತಿ ಬಿಡ್ರಿ."

ಇಬ್ಬರೂ ನಕ್ಕರು. ನಾನು ರೊಟ್ಟಿ ಮುರಿಯುತ್ತ ಕೂತೆ. ಇಂಥವರ ಮೇಲೆ ಕಣ್ಣಿಡಲು ಬಂದಿದ್ದೇನೆ ಎಂಬುದು ಮತ್ತೆ ಮತ್ತೆ ನೆನಪಾಗುತ್ತಿತ್ತು. ಆದರೂ ಇಳಿಜಾರಿಗೂ ಎಣ್ಣೆಗೂ ಸಂಬಂಧವಿದೆ ಎಂದು ಆಗಲೂ ತಿಳಿಯಲಿಲ್ಲ.

ಮುಧೋಳದಲ್ಲಿ ಶಿಬಿರ ಒಂದು ಸಕ್ಕರೆ ಕಾರ್ಖಾನೆಯ ಆವರಣದಲ್ಲಿ. ಹಂಗಾಮು ಇನ್ನೂ ಸುರುವಾಗಿರಲಿಲ್ಲ. ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅವರ ಕಣ್ಣು ನೋಡಬೇಕಿತ್ತು. ಹಿಂದಿನ ದಿನ ಜೋರು ಮಳೆಯಾಗಿ ಅಂಗಳವೆಲ್ಲ ರಾಡಿ. ಗಾಡಿ ನಿಲ್ಲುವಂಥ ಗಟ್ಟಿ ಜಾಗ ಒಂದೇ ಉಳಿದಿತ್ತು: ಕಬ್ಬಿನ ಗಾಡಿ ತೂಗುವ ಕಾಟಾ. ಅದರ ಮೇಲೆ ತಗಡಿನ ಮಾಡು, ಕೆಳಗೆ ಉಕ್ಕಿನ ಹಾಸು. ಕಾವಲುಗಾರ ಅದನ್ನೇ ತೋರಿಸಿದ.

"ಕಾಟಾದ ಮ್ಯಾಲೆ ಬ್ಯಾಡ," ಅಂದರು ಕಾಕಾ.

"ಕಾಕಾ, ಉಳದ ಕಡೆ ಹಚ್ಚಿದ್ರ ಮುದುಕರು ರಾಡಿಯಾಗ ಸಿಗಬೀಳ್ತಾರ್ರಿ. ಬಸ್ಸೂ ಸಿಗಬೀಳತೈತಿ."

ಕೊನೆಯ ಮಾತು ಅವರಿಗೆ ತಾಗಿತು. ಬಸ್ಸನ್ನು ಕಾಟಾದ ಮೇಲೆ ಹತ್ತಿಸಿದರು. ಆದರೆ ಆ ರಾತ್ರಿ ಮಲಗಿದಂತೆ ಕಾಣಲಿಲ್ಲ. ಬೆಳಿಗ್ಗೆ ನಾನು ಏಳುವಾಗ ಡ್ರೈವರ್ ಸೀಟಿನಲ್ಲೇ ಕಂಬಳಿ ಹೊದ್ದು ಕೂತಿದ್ದರು, ಕಣ್ಣು ಕೆಂಪಗೆ.

ಆ ದಿನ ಚಹಾಕ್ಕೆ ನಾನೇ ಒಲೆ ಹಚ್ಚಿದೆ. ಹಾಲು ಉಕ್ಕಿದಾಗ ಅದು ಪಾತ್ರೆಯ ಹಿಂದಿನ ಅಂಚಿನಿಂದ ಸುರಿದು ಒಲೆ ಆರಿಹೋಯಿತು. ಬಗ್ಗಿ ನೋಡಿದರೆ ಒಲೆ ಹಿಂದಕ್ಕೆ ವಾಲಿತ್ತು. ಮುಂದಿನ ಕಾಲುಗಳ ಕೆಳಗೆ ಅದೇ ಬೇವಿನ ಚಕ್ಕೆ. ಇಷ್ಟು ದಿನ ಒಲೆಯನ್ನು ಸಮ ನಿಲ್ಲಿಸಿದ ಚಕ್ಕೆ ಈ ಸಮ ಜಾಗದಲ್ಲಿ ಅದನ್ನು ಸೊಟ್ಟ ಮಾಡಿತ್ತು. ಅದನ್ನು ತೆಗೆದು ಕಾಕಾನ ಕೈಗೆ ಕೊಟ್ಟೆ. ಅವರು ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡು, ಭಂಡಾರದ ಡಬ್ಬಿ ಹಿಡಿದು ಹಿಂದಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ಕೂಗಿದರು. "ತಮ್ಮಾ, ಬಾ ಇಲ್ಲಿ! ಎಣ್ಣಿ ಯಾರೋ ಸುರದಾರ!"

ಓಡಿ ಹೋಗಿ ನೋಡಿದೆ. ಗೇಜಿನ ಕಡ್ಡಿಯಲ್ಲಿ ಎಣ್ಣೆ ಮೇಲಿನ ಗೆರೆಯನ್ನು ದಾಟಿ, ಇನ್ನೂ ಮೇಲೆ, ಹೆಬ್ಬೆರಳಿನಷ್ಟು ಏರಿತ್ತು. ಒರೆಸಿ ಮತ್ತೆ ಇಳಿಸಿದೆ. ಅಷ್ಟೇ.

"ಕದಿಯೂ ಕಳ್ಳರ ಬಗ್ಗೆ ಕೇಳೇನ್ರಿ ಕಾಕಾ. ಬಂದು ಹಾಕಿ ಹೋಗೂ ಕಳ್ಳರು ಯಾರದಾರ?" ಎಂದು ನಗಲು ಹೋದೆ. ನಗು ಅರ್ಧಕ್ಕೇ ನಿಂತಿತು. ಒಲೆಯ ಮೇಲೆ ವಾಲಿದ ಹಾಲು ಕಣ್ಣ ಮುಂದೆ ಬಂತು.

ಪಾತ್ರೆಯಲ್ಲಿ ಹಾಲು ಹೇಗೋ ಚೇಂಬರಿನಲ್ಲಿ ಎಣ್ಣೆ ಹಾಗೆ. ಬಸ್ಸಿನ ಮೂತಿ ಕೆಳಗಿದ್ದಾಗ ಎಣ್ಣೆಯೆಲ್ಲ ಚೇಂಬರಿನ ಮುಂದಿನ ಬದಿಗೆ ಸರಿದಿರುತ್ತದೆ. ಗೇಜಿನ ಕಡ್ಡಿ ಇದ್ದದ್ದು ಹಿಂದಿನ ಬದಿಗೆ, ಎತ್ತರದ ಕಡೆ. ಎಣ್ಣೆ ಇದ್ದೂ ಅದು ಒಣಗಿಯೇ ಬರುತ್ತದೆ. ಹಸಿದಿದೆ ಎಂದು ಕಾಕಾ ಸುರಿಯುತ್ತಾರೆ. ತುಂಬಿ ತುಳುಕಿದ ಎಣ್ಣೆಯನ್ನು ಒಳಗೆ ತಿರುಗುವ ಕ್ರ್ಯಾಂಕು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ. ಆ ನೊರೆ ಉಸಿರಾಡುವ ಪೈಪಿನಿಂದ ಗಾಳಿ ಫಿಲ್ಟರಿಗೆ ಹೋಗಿ, ಅಲ್ಲಿಂದ ಸಿಲಿಂಡರಿಗೆ ಹೋಗಿ ಸುಟ್ಟು ನೀಲಿ ಹೊಗೆ. ಮಾರನೆಯ ಬೆಳಿಗ್ಗೆ ಮತ್ತೆ ಇಳಿಜಾರು, ಮತ್ತೆ ಒಣಗಿದ ಕಡ್ಡಿ, ಮತ್ತೆ ಡಬ್ಬಿ. ಗಾಡಿ ತೂಗುವ ಕಾಟಾ ಸಪಾಟಾಗಿಯೇ ಇರಬೇಕು, ಇಲ್ಲದಿದ್ದರೆ ತೂಕ ಸುಳ್ಳಾಗುತ್ತದೆ. ಆ ಬಸ್ಸು ಬಹುಶಃ ಮೊದಲ ಸಲ ಅಂಥ ಜಾಗದಲ್ಲಿ ರಾತ್ರಿ ಕಳೆದಿತ್ತು.

ಕಾಕಾನಿಗೆ ಇದನ್ನು ಹೇಳಿ ಮುಗಿಸುವುದರೊಳಗೆ ಮ್ಯಾನೇಜರ ಜೀಪು ರಾಡಿ ಸಿಡಿಸುತ್ತ ಬಂದು ನಿಂತಿತು. ನಾನು ಕಡ್ಡಿ ಕೈಯಲ್ಲಿ ಹಿಡಿದೇ ಓಡಿದೆ. ಹೇಳಿದೆ. ಒಲೆಯ ಮೇಲೆ ಪಾತ್ರೆ ಇಟ್ಟು, ಕಾಕಾನಿಂದ ಚಕ್ಕೆ ಇಸಿದುಕೊಂಡು ಕೆಳಗೆ ಕೊಟ್ಟು ತೋರಿಸಿ, ಮತ್ತೆ ಅವರ ಕೈಗೇ ಕೊಟ್ಟೆ. ಅವರು ಸಾವಧಾನವಾಗಿ ನೋಡಿದರು. ತಾವೇ ಕಡ್ಡಿ ಇಳಿಸಿ ಎಳೆದರು. ಮುಖ ಹಗುರಾಯಿತು.

"ಭಾಳ ಛಲೋ ಆತು," ಅಂದರು. ಕಾಕಾನ ಹೆಗಲ ಮೇಲೆ ಕೈ ಇಟ್ಟು, "ತಪ್ಪ ತಿಳೀಬ್ಯಾಡ್ರಿ. ನೀವು ಎಣ್ಣಿ ಮಾರಾಕತ್ತೀರಿ ಅಂತ ತಿಳದಿದ್ವಿ. ಇಂವನ್ನ ಕಳಿಸಿದ್ದಕ್ಕ ಖರೇ ಗೊತ್ತಾತು," ಅಂದುಬಿಟ್ಟರು.

ಅವರಿಗೆ ಅದು ಸಂತೋಷದ ಮಾತು. ಕಾಕಾ ನನ್ನ ಕಡೆ ತಿರುಗಿದರು. ಬೈಯಲಿಲ್ಲ. ಕೈಯಲ್ಲಿದ್ದ ಚಕ್ಕೆಯನ್ನು ಮತ್ತೆ ಜೇಬಿಗೆ ಹಾಕಿಕೊಂಡರು.

"ಅಂದ್ರ ನೀ ಎಣ್ಣಿ ನೋಡಾಕ ಬಂದಾವಲ್ಲ. ನನ್ನ ನೋಡಾಕ ಬಂದಾವ."

"ಕಾಕಾ, ಎರಡೂ..." ಎಂದೆ.

ಮ್ಯಾನೇಜರು ಮುಂದಿನ ಮಾತಿಗೆ ಹೋದರು. "ಇನ್ನ ಮ್ಯಾಲೆ ಎಲ್ಲಿ ಹೋದ್ರೂ ಸಪಾಟ ಜಾಗಾದಾಗಽ ಹಚ್ಚಬೇಕು. ಇದು ಹುಕುಂ ಅಂತ ತಿಳಕೋರಿ."

"ಆಗೂದಿಲ್ರಿ," ಅಂದರು ಕಾಕಾ.

"ಯಾಕ ಆಗೂದಿಲ್ಲ? ಸೆಲ್ಫ್ ಛಲೋ ಐತಿ, ಬ್ಯಾಟರಿ ಹೊಸಾದು ಕೊಡಿಸೇವಿ."

"ಆಗೂದಿಲ್ರಿ ಸಾಹೇಬ್ರ."

"ಹಂಗಾದ್ರ ಕೀಲಿ ಇಡ್ರಿ. ಒಂದು ಬಸ್ಸಿನ ಎಂಜಿನ್ ನಿಮ್ಮ ಹಟಕ್ಕ ಸುಡಾಕ ಆಗೂದಿಲ್ಲ."

ಕಾಕಾ ಕೀಲಿಯನ್ನು ಕಾಟಾದ ಕಟ್ಟೆಯ ಮೇಲೆ ಇಟ್ಟರು. ಕಳ್ಳತನದ ಮಾತು ತೀರಿ ಅರ್ಧ ತಾಸೂ ಆಗಿರಲಿಲ್ಲ. ಒಳಗೆ ಹೋಗಿ ಹಲಗೆಯ ಕೆಳಗಿನ ಟ್ರಂಕು ಎಳೆಯುವ ಸದ್ದು ಕೇಳಿಸಿತು. ಹೊರಗೆ ಕಬ್ಬು ಕಡಿಯುವವರ ಸರದಿ ಬೆಳೆಯುತ್ತಿತ್ತು. ಪರದೆಯ ಕೋಣೆಯಲ್ಲಿ ಡಾಕ್ಟರು ಜನರೇಟರ್ ಚಾಲೂ ಆಗಲೆಂದು ಕಾಯುತ್ತಿದ್ದರು.

ವೈನಿ ಹೇಳಿದ್ದನ್ನು ಮ್ಯಾನೇಜರಿಗೆ ಹೇಳಲೇ ಎಂದು ಯೋಚಿಸಿದೆ. ಅದು ನಾನು ಹೇಳುವ ಮಾತಾಗಿರಲಿಲ್ಲ. ನನಗೆ ಹೇಳಲು ಇದ್ದದ್ದು ಎಂಜಿನ್ನಿನ ಮಾತು ಮಾತ್ರ.

"ಸಾಹೇಬ್ರ, ಸಪಾಟ ಬೇಕಾದದ್ದು ಕಡ್ಡಿ ನೋಡೂ ಹೊತ್ತಿಗೆ ಅಷ್ಟರಿ. ಎಣ್ಣಿ ಅಳತಿಗೆ ಇದ್ರ ಸಣ್ಣ ಇಳಕಲದಾಗ ಜನರೇಟರ್ ಓಡತೈತ್ರಿ. ದಿನಾ ಮುಂಜಾನಿ ಬಸ್ ಸಪಾಟಿಗೆ ತಂದು, ಎಣ್ಣಿ ತಳಕ್ಕ ಕೂಡಗೊಟ್ಟು, ನಾನಽ ನೋಡ್ತೀನಿ. ಆಮ್ಯಾಲೆ ಅವರು ಎಲ್ಲಿ ಬೇಕಾದಲ್ಲಿ ಹಚ್ಚಲಿ. ಕಡ್ಡಿ ನನ್ನ ಕಡೆ ಇರಲಿ."

ಅವರು ಬಹಳ ಹೊತ್ತು ಸರದಿಯ ಕಡೆ ನೋಡಿದರು. "ಮತ್ತ ಎಣ್ಣಿ ಇಳೀತಂದ್ರ?"

"ಇಷ್ಟು ದಿನದಾಗ ರಿಂಗೂ ಹಾಳಾಗಿರತಾವ್ರಿ. ಗ್ಯಾರೇಜಿಗೆ ಹಾಕಬೇಕು. ಅದರ ಮ್ಯಾಲೂ ಇಳದ್ರ ನನ್ನೂ ಕಳಸ್ರಿ."

ಮ್ಯಾನೇಜರು ಕೀಲಿ ಎತ್ತಿಕೊಂಡು ಜೇಬಿಗೆ ಹಾಕಲಿಲ್ಲ. ಅಲ್ಲೇ, ಕಟ್ಟೆಯ ಮೇಲೇ ಬಿಟ್ಟು ಜೀಪು ಹತ್ತಿದರು. ನಾನು ಅದನ್ನು ಒಯ್ದು ಕಾಕಾನ ಟ್ರಂಕಿನ ಮೇಲೆ ಇಟ್ಟೆ.

"ತಗೋರಿ ಕಾಕಾ. ಮುಂಜಾನಿ ಒಮ್ಮಿ ಸಪಾಟಿಗೆ ತಂದ್ರ ಸಾಕು."

"ಆಗಲ್ರಿ," ಅಂದರು ಅವರು.

ನನಗೆ ಅವರು ರೀ ಹಚ್ಚಿದ್ದು ಅದೇ ಮೊದಲು.

ಆಮೇಲಿನ ಶಿಬಿರಗಳಲ್ಲಿ ಹಾಗೆಯೇ ನಡೆಯಿತು. ಬೆಳಿಗ್ಗೆ ಅವರು ಬಸ್ಸನ್ನು ಸಪಾಟಿಗೆ ತಂದು, ಕೆಳಗಿಳಿದು, ನನ್ನತ್ತ ನೋಡದೆ ನಿಲ್ಲುತ್ತಿದ್ದರು. ಹೆಚ್ಚಾದ ಎಣ್ಣೆಯನ್ನು ನಾನು ತೆಗೆದಿದ್ದೆ. ಹೊಗೆ ಅರ್ಧಕ್ಕರ್ಧ ಇಳಿಯಿತು, ಪೂರ್ತಿ ನಿಲ್ಲಲಿಲ್ಲ. "ನೋಡ್ರಿ ಜನರೇಟರ್‌ನವರ," ಅನ್ನುತ್ತಿದ್ದರು. "ಊಟಾ ಮಾಡ್ರಿ," ಅನ್ನುತ್ತಿದ್ದರು. ನನ್ನ ತಾಟು ಮುಚ್ಚಿಡುವುದು ನಿಂತಿರಲಿಲ್ಲ. ಅದೇ ಹೆಚ್ಚು ಚುಚ್ಚುತ್ತಿತ್ತು. ಕರಿ ಚಕ್ಕೆಯನ್ನು ಮತ್ತೆ ಒಲೆಯ ಕೆಳಗೆ ಇಟ್ಟದ್ದನ್ನು ನಾನು ನೋಡಲಿಲ್ಲ. ಪಾತ್ರೆಯನ್ನು ಕೈಯಲ್ಲೇ ಹಿಡಿದು ಚಹಾ ಕಾಸುತ್ತಿದ್ದರು.

ಶಿಬಿರಗಳ ನಡುವೆ ಬಿಡುವು ಸಿಕ್ಕಾಗ ಜನರೇಟರನ್ನು ಮುಧೋಳದ ಒಂದು ಗ್ಯಾರೇಜಿಗೆ ಹಾಕಿದೆವು. ಮಿಸ್ತ್ರಿ ಚೇನು ಹಾಕಿ ಅದನ್ನು ಬಸ್ಸಿನ ಬಾಲದಿಂದ ಇಳಿಸಿ ಬಿಚ್ಚಿದ. ರಿಂಗುಗಳು ಹೋಗಿದ್ದವು. ಸಿಲಿಂಡರಿನ ಬೋರು ಸವೆದು ಕನ್ನಡಿಯ ಹಾಗೆ ನುಣುಪಾಗಿತ್ತು. "ಒಂದು ದೀಪ, ಒಂದು ಫ್ರಿಜ್, ಇಷ್ಟಕ್ಕ ಇಡೀ ದಿನಾ ಓಡಿಸೀರಿ. ಭಾರ ಇಲ್ಲದ ಓಡಿದ್ರೂ ಎಣ್ಣಿ ತಿಂತೈತಿ," ಅಂದ ಮಿಸ್ತ್ರಿ. ಬೋರು ಉಜ್ಜಿ, ಹೊಸ ರಿಂಗು ತರಿಸಿ ಕೂರಿಸಲು ಒಂದು ವಾರವಾದರೂ ಬೇಕು ಅಂದ. ಅಲ್ಲಿಯವರೆಗೆ ಬಸ್ಸು ಗ್ಯಾರೇಜಿನ ಅಂಗಳದಲ್ಲಿ ನಿಲ್ಲಬೇಕು. ಅಂಗಳ ಎಣ್ಣೆ ಕುಡಿದ ಕರಿ ಮಣ್ಣು, ಒಂದಿಷ್ಟೂ ತಗ್ಗು ದಿನ್ನೆಯಿಲ್ಲ.

"ನಮ್ಮ ಮನಿಗೆ ನಡೀರಿ ಕಾಕಾ," ಅಂದೆ. "ಬನಹಟ್ಟಿಗೆ ಬಸ್ಸದಾವು. ರಿಂಗ್ ಬರೂತನಕ ಇರ್ರಿ."

"ಬ್ಯಾಡ್ರಿ. ಮಂದಿ ಮನ್ಯಾಗ ಎದಕ?"

ಮಾರನೆಯ ದಿನ ನಾನು ಬನಹಟ್ಟಿಯಿಂದ ಮೊದಲ ಬಸ್ಸಿಗೆ ಬಂದಾಗ ಕಾಕಾ ಗ್ಯಾರೇಜಿನ ಹೊರಗೆ, ರಸ್ತೆಯ ಏರಿಯ ಮೇಲೆ, ಕಂಬಳಿ ಮಡಚಿಕೊಂಡು ಕೂತಿದ್ದರು. ಲಾರಿಗಳು ಹಾಯುವಾಗ ಅವರ ಮೇಲೆಲ್ಲ ಧೂಳು.

"ಒಳಗ ಮಲಗಲಿಲ್ಲೇನ್ರಿ?"

"ಇಲ್ರಿ. ಸೆಕಿ ಆಗತಿತ್ತು."

ಮಳೆ ನಿಂತು ಚಳಿ ಬಿದ್ದ ದಿನಗಳು ಅವು. ಟ್ರಂಕು ಅವರ ಪಕ್ಕದಲ್ಲೇ ಇತ್ತು. ಕೀಲಿ ಕೊಟ್ಟರೂ, ಬಸ್ಸು ಎದುರಿಗೇ ಇದ್ದರೂ ಅವರು ರಸ್ತೆಗೆ ಬಂದಿದ್ದರು.

ನಾನು ಒಳಗೆ ಹೋಗಿ ಮಿಸ್ತ್ರಿಯನ್ನು ಕೇಳಿದೆ. ಭಾರದ ಎಂಜಿನ್ನುಗಳ ಕೆಳಗೆ ಕೊಡುವ ಮರದ ದಿಮ್ಮಿಗಳು ಅವನ ಕಡೆ ಬಿದ್ದಿದ್ದವು. ಅವನ್ನು ಎಳೆದು ತಂದು, ಬಸ್ಸಿನ ಹಿಂದಿನ ಗಾಲಿಗಳ ಹಿಂದೆ ಎರಡೂ ಕಡೆ ಮೆಟ್ಟಿಲ ಹಾಗೆ ಜೋಡಿಸಿದೆ. ಅಲುಗದಂತೆ ಕಲ್ಲು ಬಡಿದೆ.

"ಏನಪಾ ಇದು, ಬಸ್ಸಿಗೆ ತಲಿದಿಂಬ ಹಾಕ್ತಿ ಏನು?" ಮಿಸ್ತ್ರಿ ಸೊಂಟದ ಮೇಲೆ ಕೈ ಇಟ್ಟು ನೋಡಿದ.

"ಹೂಂ. ತಲಿ ಹಿಂದೈತಿ ಅದಕ್ಕ."

"ಜನರೇಟರ್ ಇಲ್ಲಿ ಕೆಳಗ ಬಿಚ್ಚಿ ಬಿದ್ದೈತಿ. ಇಳಕಲ ಮಾಡಿ ಏನ ಮಾಡ್ತೀ?"

"ಜನರೇಟರ್ ಇಲ್ಲಂದಮ್ಯಾಲೆ ಎಷ್ಟು ಇಳಕಲ ಆದ್ರೂ ಎಣ್ಣಿಗೆ ಏನೂ ಆಗೂದಿಲ್ಲಲ್ಲ ಮಿಸ್ತ್ರಿ?"

ಕಾಕಾ ಗೇಟಿನಲ್ಲಿ ನಿಂತು ನೋಡುತ್ತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. "ರಿವರ್ಸ್ ತಗೋರಿ ಕಾಕಾ, ಸಾವಕಾಶ," ಅಂದೆ. ಅವರು ಟ್ರಂಕು ಒಳಗಿಟ್ಟು ಸೀಟಿಗೆ ಹತ್ತಿದರು. ಸೆಲ್ಫು ಒಂದೇ ಹೊಡೆತಕ್ಕೆ ಎಬ್ಬಿಸಿತು. ಹಿಂದಿನ ಗಾಲಿಗಳು ದಿಮ್ಮಿಯ ಮೇಲೆ ಏರಿ, ಕಿರ್ರೆಂದು, ನಿಂತವು. ಬಸ್ಸಿನ ಮೂತಿ ಗೇಟಿನ ಕಡೆ, ರಸ್ತೆಯ ಕಡೆ ಬಾಗಿತು. ಎಂಜಿನ್ ಬಂದ್ ಮಾಡಿ, ಬ್ರೇಕು ಎಳೆದು, ಒಂದು ಸಲ ಬ್ರೇಕು ಬಿಟ್ಟು ನೋಡಿದರು. ಬಸ್ಸು ಸ್ವಲ್ಪ ಮುಂದಕ್ಕೆ ಜರುಗಿತು. ಮತ್ತೆ ಬ್ರೇಕು ಎಳೆದರು.

ಆ ಬಸ್ಸು ಆಮೇಲೂ ಕೆಲವು ವರ್ಷ ಓಡಿತು. ಆಸ್ಪತ್ರೆಯವರು ಹೊಸ ಗಾಡಿ ತಂದು ಅದನ್ನು ಗುಜರಿಗೆ ಹಾಕುವವರೆಗೂ ಕಾಕಾ ಅದರಲ್ಲೇ ಮಲಗಿದರು. ರಿಂಗು ಹಾಕಿಸಿದ ಮೇಲೂ ಅದು ಎಣ್ಣೆ ಸ್ವಲ್ಪ ತಿನ್ನುತ್ತಲೇ ಇತ್ತು. ಎಂಜಿನ್ ಎಂದಮೇಲೆ ಅಷ್ಟು ತಿಂದೇ ತಿನ್ನುತ್ತದೆ. ಮ್ಯಾನೇಜರು ಮತ್ತೆ ಕೇಳಲಿಲ್ಲ. ಆದರೆ ಕೇಳುತ್ತಾರೆ ಎಂಬ ಅಂಜಿಕೆ ಪ್ರತಿ ಬೆಳಿಗ್ಗೆ ಕಡ್ಡಿ ಎಳೆಯುವಾಗ ನನಗೆ ಇದ್ದೇ ಇರುತ್ತಿತ್ತು.

ಆ ದಿನ ಗ್ಯಾರೇಜಿನಲ್ಲಿ ನಾನು ಬಸ್ಸಿನ ಮೆಟ್ಟಿಲು ಹತ್ತುವ ಹೊತ್ತಿಗೆ ಕಾಕಾ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅಂಗಿಯ ಜೇಬಿನಿಂದ ಕರಿ ಚಕ್ಕೆ ತೆಗೆದು ಒಲೆಯ ಮುಂದಿನ ಕಾಲುಗಳ ಕೆಳಗೆ ತಳ್ಳಿದರು. ಪಾತ್ರೆ ಇಟ್ಟು, ನೀರು ಸಮ ನಿಂತಿದೆಯೇ ಎಂದು ಬಗ್ಗಿ ನೋಡಿದರು. ಬೆಂಕಿ ಹಚ್ಚಿದರು.

"ತಮ್ಮಾ," ಅಂದರು, ತಿರುಗಿ ನೋಡದೆ. "ಗೇಜಿನ ಕಡ್ಡಿ ಎಲ್ಲಿಟ್ಟಿ?"

"ನನ್ನ ಕಡೆ ಐತ್ರಿ ಕಾಕಾ. ಅರಿವ್ಯಾಗ ಸುತ್ತಿಟ್ಟೇನಿ."

"ಮಿಸ್ತ್ರಿ ಕೈಯಾಗ ಕೊಡಬ್ಯಾಡ. ಅಂವಾ ಕಳೀತಾನ."

ಎರಡು ಗ್ಲಾಸು ತೆಗೆದಿಟ್ಟರು. ಸಕ್ಕರೆ ಹಾಕುತ್ತ ಹಾಕುತ್ತ, ಹಲಗೆಗೆ ಬೆನ್ನು ಕೊಟ್ಟು, ಚಹಾ ಕುದಿಯುವ ಮೊದಲೇ ನಿದ್ದೆ ಹೋದರು. ನಾನು ಒಲೆ ಸಣ್ಣ ಮಾಡಿ ಕಾಯುತ್ತ ಕೂತೆ.